ಸುಮ್ಮನೆ ಬಿ.ಎ.

ನಮ್ಮ ಕಡೆ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ, ‘ಮಗಳು ಏನು ಓದುತ್ತಿದ್ದಾಳೆ?’ ಎಂದು ಕೇಳಿದರೆ ತಾಯಂದಿರಿಂದ ಎರಡು ಬಗೆಯ ಉತ್ತರ ಬರುತ್ತದೆ. ಮಗಳು ಇಂಜಿನಿಯರಿಂಗೋ ನರ್ಸಿಂಗೋ ಓದುತ್ತಿದ್ದರೆ ಓದಿನ ಹೆಸರು, ಕಾಲೇಜಿನ ಹೆಸರು, ಊರಿನ ಹೆಸರು ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಕಲಾ ವಿಭಾಗವಾದರೆ ‘ಸುಮ್ಮನೆ ಬಿ.ಎ. ಮಾಡ್ತಿದಾಳೆ’ ಎಂದು ಮಾತು ಮುಗಿಯುತ್ತದೆ. ವಿಷಯ ಯಾವುದೆಂದು ಇನ್ನೂ ಒತ್ತಾಯ ಮಾಡಿದರೆ ‘ಎಚ್.ಇ.ಪಿ.’ ಎನ್ನುತ್ತಾರೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಈ ಮೂರನ್ನು ಕಟ್ಟಿದ ಗಂಟಿಗೆ ಕಾಲೇಜುಗಳಲ್ಲಿ ಬಹಳ ಕಾಲ ಇದ್ದ ಹೆಸರು ಅದು. ನಾನೂ ಆ ಮೂರಕ್ಷರವನ್ನೇ ಓದಿದವಳು. ಅದರಲ್ಲಿ ಕೊನೆಯ ಅಕ್ಷರ ನಮ್ಮ ಹೆಣ್ಣುಮಕ್ಕಳ ಕೈಗೆ ಹೇಗೆ ಬಂತು, ಬಂದದ್ದರಿಂದ ಏನಾಯಿತು ಎನ್ನುವುದಕ್ಕೂ ಒಂದು ಚರಿತ್ರೆ ಇದೆ. ಅದು ‘ಸುಮ್ಮನೆ’ ಎನ್ನುವಷ್ಟು ಸಣ್ಣದಲ್ಲ.

ಮೊದಲು ಅದು ಕೈಗೆ ಬಂದ ದಾರಿಯನ್ನು ನೋಡೋಣ. ಮಳೆ ಕಡಿಮೆ, ಶೇಂಗಾ ಬೆಳೆ ನಂಬಿದ ಮನೆಗಳು. ಇಬ್ಬರು ಮಕ್ಕಳಿದ್ದರೆ ಗಂಡುಮಗನನ್ನು ತುಮಕೂರಿಗೋ ಬೆಂಗಳೂರಿಗೋ ಕಳಿಸಿ ಹಾಸ್ಟೆಲಿಗೆ ದುಡ್ಡು ಕಟ್ಟುವುದು, ಹುಡುಗಿಯನ್ನು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹಾಕುವುದು ಮನೆಮನೆಯ ಲೆಕ್ಕಾಚಾರವಾಗಿತ್ತು. ಅಲ್ಲಿ ಕಲಾ ವಿಭಾಗಕ್ಕೆ ಪ್ರಯೋಗಶಾಲೆಯ ಖರ್ಚಿಲ್ಲ, ಪಾಠ ಕನ್ನಡದಲ್ಲಿ, ಕತ್ತಲಾಗುವುದರೊಳಗೆ ಮನೆ ಸೇರುವ ಬಸ್ಸು ಉಂಟು. ಒಳ್ಳೆಯ ಸಂಬಂಧ ಬಂದರೆ ಎರಡನೆಯ ವರ್ಷಕ್ಕೇ ನಿಲ್ಲಿಸಿದರೂ ನಷ್ಟವೆನಿಸದು. ಹೀಗೆ ಯಾರೂ ಆರಿಸದೆಯೇ ರಾಜ್ಯಶಾಸ್ತ್ರ ಹುಡುಗಿಯರ ವಿಷಯವಾಯಿತು. ಮನೆಯ ಯಜಮಾನಿಕೆಯ ಬಗ್ಗೆ ಒಂದು ಮಾತೂ ಆಡಬಾರದ ಹುಡುಗಿ ಕಾಲೇಜಿನಲ್ಲಿ ಕೂತು ಪರಮಾಧಿಕಾರ ಎಂದರೇನು, ಅದು ಯಾರಲ್ಲಿ ನೆಲೆಸಿದೆ ಎಂದು ಹತ್ತು ಅಂಕಕ್ಕೆ ಬರೆಯುತ್ತಿದ್ದಳು. ಇದರಲ್ಲಿದ್ದ ತಮಾಷೆ ದೊಡ್ಡವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಬೇರೆ ವಿಷಯ ಕೊಡಿಸುತ್ತಿದ್ದರೋ ಏನೋ!

ಆ ಪುಸ್ತಕಗಳಾದರೂ ನಮ್ಮನ್ನು ನೆನಪಿಟ್ಟು ಬರೆದವಲ್ಲ. ಮೊದಲ ಪಾಠಗಳಲ್ಲೇ ಬರುವ ಅರಿಸ್ಟಾಟಲನ ಪ್ರಕಾರ ಆಳುವುದು ಗಂಡಿನ ಸ್ವಭಾವ, ಆಳಿಸಿಕೊಳ್ಳುವುದು ಹೆಣ್ಣಿನ ಸ್ವಭಾವ. ಅವನ ಗುರು ಪ್ಲೇಟೋ ತನ್ನ ಆದರ್ಶ ರಾಜ್ಯದ ರಕ್ಷಕರಲ್ಲಿ ಹೆಂಗಸರೂ ಇರಬಹುದೆಂದಿದ್ದ, ಶಿಷ್ಯ ಒಪ್ಪಲಿಲ್ಲ. ಜಾನ್ ಸ್ಟುವರ್ಟ್ ಮಿಲ್ ಸ್ವಾತಂತ್ರ್ಯದ ಬಗ್ಗೆ ಬರೆದದ್ದನ್ನು ಎಲ್ಲರೂ ಬಾಯಿಪಾಠ ಮಾಡುತ್ತೇವೆ. 1867ರಲ್ಲಿ ಅವನು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಮತದಾನದ ಮಸೂದೆಯಲ್ಲಿ ‘ಪುರುಷ’ ಎಂದಿರುವಲ್ಲಿ ‘ವ್ಯಕ್ತಿ’ ಎಂದು ಬರೆಯಿರಿ ಎಂದು ಕೇಳಿದ. ಅವನ ಪರ 73, ವಿರುದ್ಧ 196 ಮತ ಬಿದ್ದವು. ಒಂದೇ ಒಂದು ಪದ ಬದಲಾಗಲು ಅಲ್ಲಿಯ ಹೆಂಗಸರು 1918ರ ತನಕ ಕಾಯಬೇಕಾಯಿತು. ಗಂಡಸರಿಗೆ ಸರಿಸಮನಾಗಿ ಸಿಗಲು 1928 ಬಂತು.

ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಮಾತು ಹುಡುಕಿಕೊಟ್ಟವರಲ್ಲಿ ಮುಖ್ಯರು ಡಿ.ವಿ.ಜಿ. ಮಂಕುತಿಮ್ಮನ ಕರ್ತೃ ಎಂದೇ ಅವರನ್ನು ನೆನೆಯುವ ನಾವು ಅವರ ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’ ಪುಸ್ತಕಗಳನ್ನು ಮರೆಯುತ್ತೇವೆ. ವಿದ್ಯಾರ್ಥಿಯಾಗಿ ಕಾಲೇಜಿನ ಮೆಟ್ಟಿಲು ಹತ್ತದ ಮನುಷ್ಯ ರಾಜ್ಯದ ವ್ಯವಹಾರ ಎಲ್ಲರ ವ್ಯವಹಾರ, ಅದನ್ನು ಮನೆಮಾತಿನಲ್ಲಿ ತಿಳಿಯಬೇಕು ಎಂದು ಹಟ ಹಿಡಿದು ಬರೆದರು. ಹಳ್ಳಿಯ ಹುಡುಗಿ ಈ ವಿಷಯವನ್ನು ಕನ್ನಡದಲ್ಲಿ ಓದಿ ಪದವಿ ಪಡೆಯುವುದರ ಹಿಂದೆ ಅಂಥವರ ದುಡಿಮೆ ಇದೆ.

ಪಠ್ಯದಲ್ಲಿ ಇಲ್ಲದಿದ್ದರೇನು, ನಮ್ಮ ನೆಲದಲ್ಲೇ ಪಾಠಗಳಿವೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತುವವರು ಬಂಡೆಯ ಎತ್ತರ ನೋಡಿ ಬೆರಗಾಗಿ ಇಳಿಯುತ್ತಾರೆ. ಆ ಕೋಟೆಯಲ್ಲಿ ಒಬ್ಬ ರಾಣಿ ಸೆರೆಯಲ್ಲಿದ್ದಳು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಅಲ್ಲಿ ಆಳುತ್ತಿದ್ದವಳು ಕೆಳದಿಯ ವೀರಮ್ಮಾಜಿ. ಅವಳನ್ನೂ ಅವಳ ದತ್ತುಮಗನನ್ನೂ ಹಿಡಿದು ತಂದು ಮಲೆನಾಡಿನಿಂದ ಇಷ್ಟು ದೂರದ ಒಣ ಬೆಟ್ಟದಲ್ಲಿ ಇಟ್ಟರು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಹಿಡಿದಾಗ ಅವಳಿಗೆ ಬಿಡುಗಡೆಯಾಯಿತು. ಪುಣೆಗೆ ಹೋಗುವ ದಾರಿಯಲ್ಲೇ ತೀರಿಕೊಂಡಳು. ಹೈದರನೂ ಪೇಶ್ವೆಯೂ ಗೆದ್ದವರೆಂದು ಪರೀಕ್ಷೆಗೆ ಬರುತ್ತಾರೆ. ರಾಜ್ಯವಾಳಿದ ಹೆಂಗಸೊಬ್ಬಳು ನಾಲ್ಕು ವರ್ಷ ಆ ಬಂಡೆಯ ಮೇಲೆ ಕೂತು ಏನು ಯೋಚಿಸಿದಳೆಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಶಿರಾ ಇನ್ನೊಂದು ಬಗೆಯ ಪಾಠ. 1687ರಲ್ಲಿ ಔರಂಗಜೇಬನ ಸೈನ್ಯ ಈ ಕಡೆಯನ್ನು ಗೆದ್ದ ಮೇಲೆ ಶಿರಾ ಮೊಘಲ್ ಸುಬಾದ ಕೇಂದ್ರವಾಯಿತು. ಕಂದಾಯ ವಸೂಲಿ, ಲೆಕ್ಕಪತ್ರ, ಸುಬೇದಾರ ಎಲ್ಲ ಇಲ್ಲಿ ಕೂತು ನಡೆಯಿತು. ತಾಲ್ಲೂಕು, ತಹಶೀಲ್ದಾರ್, ಅರ್ಜಿ, ಜಮಾಬಂದಿ, ರಾಜೀನಾಮೆ ಮುಂತಾದ ಮಾತುಗಳು ಅಂಥ ಆಳ್ವಿಕೆಗಳ ಬೆನ್ನಿಗೆ ಬಂದು ಕನ್ನಡವೇ ಆಗಿಹೋಗಿವೆ. ರಾಜರು ಹೋದರೂ ಕಚೇರಿಯ ಭಾಷೆ ಉಳಿಯುತ್ತದೆ. ಆ ಭಾಷೆ ಬಾರದವರು ಮಧ್ಯವರ್ತಿಯ ಕೈಗೆ ದುಡ್ಡು ಕೊಟ್ಟು ಜಗಲಿಯಲ್ಲಿ ಕಾಯುತ್ತಾರೆ. ನಮ್ಮ ತಾಯಂದಿರು, ಅಜ್ಜಿಯರು ಹಾಗೆಯೇ ಕಾದರು.

ಹಾಗೆಂದು ಮೈಸೂರು ಸಂಸ್ಥಾನ ತೀರ ಹಿಂದುಳಿದಿರಲಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ 144 ಮಂದಿಯೊಂದಿಗೆ ಸೇರಿತು. 1923ರ ಕಾನೂನು ಆ ಸಭೆಯ ಮತದಾನದಲ್ಲಿ ಹೆಂಗಸರಿಗೆ ಇದ್ದ ಅಡ್ಡಿಯನ್ನು ತೆಗೆಯಿತು. ಆಸ್ತಿಯಂಥ ಅರ್ಹತೆ ಬೇಕಿದ್ದುದರಿಂದ ಸಾಮಾನ್ಯ ಹೆಂಗಸರಿಗೆ ಅದು ದೂರವೇ ಇತ್ತೆನ್ನಿ. ಆದರೂ ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ರಾಷ್ಟ್ರಮಟ್ಟದ ಮತ ಸಿಕ್ಕಿದ್ದು 1971ರಲ್ಲಿ ಎಂದು ನೆನೆದರೆ ನಮ್ಮ ಹಳೆಯ ಮೈಸೂರಿನ ಬಗ್ಗೆ ಸ್ವಲ್ಪ ಹೆಮ್ಮೆ ಪಡಬಹುದು. ಜವಾಬ್ದಾರಿ ಸರ್ಕಾರ ಮಾತ್ರ ಸುಲಭಕ್ಕೆ ಸಿಗಲಿಲ್ಲ. 1938ರ ಏಪ್ರಿಲ್ 25ರಂದು ಮಧುಗಿರಿಗೆ ಹೊಂದಿದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಹೆಣ್ಣುಮಗಳೂ ಇದ್ದಳು.

ಆಮೇಲೆ ಸ್ವಾತಂತ್ರ್ಯ ಬಂತು, ಎಲ್ಲರಿಗೂ ಮತ ಬಂತು. ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರದ ರಾಜ್ಯಗಳಲ್ಲಿ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದರು. ಹೆಸರಿಲ್ಲದೆ ಮತವಿಲ್ಲ ಎಂದು ಆಯೋಗ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಟ್ಟಿತು. ನಮ್ಮ ಮಧುಗಿರಿ ಒಂದು ಕಾಲಕ್ಕೆ ತಾನೇ ಒಂದು ಲೋಕಸಭಾ ಕ್ಷೇತ್ರವಾಗಿತ್ತು ಎನ್ನುವುದು ಇಂದಿನ ಮಕ್ಕಳಿಗೆ ಗೊತ್ತಿಲ್ಲ. 1967ರಲ್ಲಿ ಶುರುವಾದ ನಾಲ್ಕನೆಯ ಲೋಕಸಭೆಯಲ್ಲಿ ಮಧುಗಿರಿಯ ಸದಸ್ಯೆಯಾಗಿ ಕೂತಿದ್ದವರು ಸುಧಾ ವಿ. ರೆಡ್ಡಿ. ದೆಹಲಿಯಲ್ಲಿ ನಮ್ಮ ಪರವಾಗಿ ಹೆಣ್ಣುದನಿ ಕೇಳಿದ್ದ ದಿನಗಳೂ ಇದ್ದವು.

ನಿಜವಾದ ಬದಲಾವಣೆ ದೆಹಲಿಯಿಂದಲ್ಲ, ಮನೆ ಮುಂದಿನ ಪಂಚಾಯಿತಿ ಕಟ್ಟೆಯಿಂದ ಬಂತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ತಂದ 1983ರ ಕಾಯ್ದೆ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿ ಬಂದ ಮೇಲೆ 1993ರ ಹೊಸ ಕಾಯ್ದೆಯಲ್ಲಿ ಅದು ಮೂರನೆಯ ಒಂದು ಭಾಗವಾಯಿತು, ಅಧ್ಯಕ್ಷ ಸ್ಥಾನಗಳಲ್ಲೂ ಪಾಲು ಬಂತು. 2010ರಲ್ಲಿ ಅರ್ಧಕ್ಕೆ ಏರಿತು. ಅಡುಗೆಮನೆಯಿಂದ ಕರೆತಂದು ಕೂರಿಸಿದ ಸದಸ್ಯೆ, ಪಕ್ಕದಲ್ಲೋ ಹಿಂದೆಯೋ ಗಂಡ, ಸಹಿ ಅವಳದು, ಮಾತು ಅವನದು. ಪತ್ರಿಕೆಗಳು ಅದನ್ನು ಗೇಲಿ ಮಾಡಿದವು. ಆ ಮನೆಗಳಲ್ಲೇ ಮಗಳೊಬ್ಬಳು ತಾಲ್ಲೂಕಿನ ಕಾಲೇಜಿಗೆ ಹೋಗಿ ಸ್ಥಳೀಯ ಸರ್ಕಾರದ ಅಧ್ಯಾಯ ಓದುತ್ತಿದ್ದುದನ್ನು ಯಾರೂ ಬರೆಯಲಿಲ್ಲ. ‘ಅಮ್ಮ, ಈ ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಓದಿಸಿಕೊಂಡು ಸಹಿ ಹಾಕು’ ಎಂದು ಹೇಳಬಲ್ಲವರು ಆ ಮನೆಯಲ್ಲಿ ಅವಳೊಬ್ಬಳೇ. ತಾಯಿಯ ಸ್ಥಾನ, ಮಗಳ ಪುಸ್ತಕ ಎರಡೂ ಒಂದೇ ಸೂರಿನಡಿ ಸೇರಿದ್ದು ನಮ್ಮ ಚರಿತ್ರೆಯಲ್ಲಿ ಅದೇ ಮೊದಲು.

ಈ ನಾಲ್ಕು ತಾಲ್ಲೂಕಿನ ಹುಡುಗಿಗೆ ಉದಾಹರಣೆಗಾಗಿ ಇಂಗ್ಲೆಂಡಿಗೆ ಹೋಗಬೇಕಿಲ್ಲ. ಶಾಲೆಗಳ ಲೆಕ್ಕದಲ್ಲಿ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಲೋಕಸಭೆಯ ಲೆಕ್ಕದಲ್ಲಿ ಶಿರಾ, ಪಾವಗಡ ಚಿತ್ರದುರ್ಗಕ್ಕೆ ಸೇರಿದರೆ ಮಧುಗಿರಿ, ಕೊರಟಗೆರೆ ತುಮಕೂರಿಗೆ. ಕ್ಷೇತ್ರ ಮರುವಿಂಗಡಣೆಯೆಂದರೆ ಏನೆಂಬುದನ್ನು 2008ರಲ್ಲಿ ಕಣ್ಣಾರೆ ಕಂಡೆವು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಮಧುಗಿರಿ ಸಾಮಾನ್ಯ ಕ್ಷೇತ್ರವಾಯಿತು, ಕೊರಟಗೆರೆ ಮೀಸಲಾಯಿತು. ಮಧುಗಿರಿಯಿಂದ ಗೆಲ್ಲುತ್ತಿದ್ದ ಜಿ. ಪರಮೇಶ್ವರ್ ಕೊರಟಗೆರೆಗೆ ಹೋದರು. ಅದೇ ವರ್ಷದ ಡಿಸೆಂಬರಿನ ಉಪಚುನಾವಣೆಯಲ್ಲಿ ಮಧುಗಿರಿ ಅನಿತಾ ಕುಮಾರಸ್ವಾಮಿಯವರನ್ನು ಆರಿಸಿತು. ಒಕ್ಕೂಟ ವ್ಯವಸ್ಥೆ ತಿಳಿಯಬೇಕಾದರೆ ಮಧುಗಿರಿಯಿಂದ ಪಾವಗಡಕ್ಕೆ ಬಸ್ಸು ಹತ್ತಿದರೆ ಸಾಕು, ನಡುವೆ ಆಂಧ್ರಕ್ಕೆ ಹೊಕ್ಕು ಮತ್ತೆ ಕರ್ನಾಟಕಕ್ಕೆ ಬರುತ್ತೇವೆ. ಮನೆಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡ ಇಟ್ಟುಕೊಂಡು ಬೆಳೆಯುವ ಪಾವಗಡದ ಮಕ್ಕಳಿಗೆ ಭಾಷಾವಾರು ಪ್ರಾಂತ್ಯದ ಪಾಠವನ್ನು ಬಿಡಿಸಿ ಹೇಳಬೇಕೆ? ಅಲ್ಲಿನ ಸೌರ ಪಾರ್ಕು 2018ರಲ್ಲಿ ಉದ್ಘಾಟನೆಯಾಯಿತು. ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದರು. ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದ ಹೆಂಗಸಿನ ಪಾಲು ಎಲ್ಲಿ? ಇದು ರಾಜ್ಯಶಾಸ್ತ್ರದ್ದೇ ಪ್ರಶ್ನೆ.

ಕಷ್ಟಗಳನ್ನು ಮುಚ್ಚಿಡಬಾರದು. ಓದು ಮುಗಿಸಿದವರಲ್ಲಿ ಎಲ್ಲರಿಗೂ ಕೆಲಸ ಕಾದಿರುವುದಿಲ್ಲ. ಪಠ್ಯಪುಸ್ತಕ ಬಿಟ್ಟು ಗೈಡು ಬಾಯಿಪಾಠ ಮಾಡಿ ಪಾಸಾಗುವ ಚಾಳಿ ವಿಷಯವನ್ನೇ ಕೊಂದಿದೆ. ನಮ್ಮ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯದಿಂದ 2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾಲಯಕ್ಕೆ ಬಂದವು. 2021ರಲ್ಲಿ ಪದವಿ ನಾಲ್ಕು ವರ್ಷದ ಹೊಸ ಪದ್ಧತಿಗೆ ಹೊರಳಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಈ ಅದಲು ಬದಲಿನಲ್ಲಿ ಹುಡುಗಿಯರನ್ನು ಕೇಳಿದವರು ಯಾರೂ ಇಲ್ಲ. ಒಂದು ಸಮಾಧಾನವೆಂದರೆ 2023ರ ಜೂನಿನಿಂದ ಬಸ್ಸಿನ ಖರ್ಚು ಹೋಯಿತು. ಬಸ್ಸಿನ ದುಡ್ಡಿಗೆ ಓದು ನಿಲ್ಲಿಸುವ ನೆಪ ಒಂದು ಕಡಿಮೆಯಾಯಿತು.

2023ರಲ್ಲೇ ಸಂವಿಧಾನದ 106ನೆಯ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳಲ್ಲೂ ಹೆಂಗಸರಿಗೆ ಮೂರನೆಯ ಒಂದು ಭಾಗ ಕೊಡುವುದಾಗಿ ಹೇಳಿತು. ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಎಂಬ ಷರತ್ತೂ ಅದರಲ್ಲೇ ಇತ್ತು. ಆ ವರ್ಷ ಕರ್ನಾಟಕದ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು 10 ಮಂದಿ. ಸ್ಥಾನಗಳು ಬಂದಾಗ ಕೂರಲು ಯಾರಿದ್ದಾರೆ? ದೊಡ್ಡ ಮನೆತನಗಳ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ. ಅವರ ಜೊತೆಗೆ ಕೊರಟಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಪುಸ್ತಕ ಎದೆಗವಚಿ ನಿಂತ ಹುಡುಗಿಯೂ ಇರಬೇಕಾದರೆ ಅವಳ ಓದನ್ನು ಮದುವೆಯ ತನಕದ ಕಾಲಹರಣ ಎಂದು ಭಾವಿಸುವುದನ್ನು ಮೊದಲು ನಾವು ನಿಲ್ಲಿಸಬೇಕು.

ಮನೆಯಲ್ಲಿ ಅಂಥ ಮಗಳಿದ್ದರೆ ಅವಳ ಸ್ಥಳೀಯ ಸರ್ಕಾರದ ಪಾಠವನ್ನು ಒಂದು ಮಧ್ಯಾಹ್ನ ಕೂತು ಓದಿಸಿಕೊಳ್ಳಿ. ಗ್ರಾಮಸಭೆಯಲ್ಲಿ ಏನು ಕೇಳಬಹುದು, ಜಮಾಬಂದಿಯ ದಿನ ಪಂಚಾಯಿತಿಯ ಯಾವ ಲೆಕ್ಕ ನೋಡಬಹುದು ಎಂದು ಅವಳು ಹೇಳುತ್ತಾಳೆ. ಪಟ್ಟಣದಲ್ಲಿದ್ದರೆ ಗ್ರಾಮಸಭೆಯ ಬದಲು ನಿಮ್ಮ ವಾರ್ಡು, ನಿಮ್ಮ ಪುರಸಭೆ. ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ನೀರಿನ ಲೆಕ್ಕ ಕೇಳುವುದಾದರೆ ನೀವು ಕೇಳಿ, ನಿಯಮ ಯಾವುದೆಂದು ಅವಳು ಹೇಳಲಿ.