ಸಾಲ ಹರಿದರೂ ತೋಟ ಉಳಿಯಬೇಕು

ಸಾಲ ತೀರಿಸಲಾಗದೆ ಕೈಚೆಲ್ಲಿದವನನ್ನು ‘ದಿವಾಳಿ ಎದ್ದ’ ಎಂದು ಆಡಿಕೊಳ್ಳುವುದು ನಮ್ಮಲ್ಲಿ ರೂಢಿ. ಆದರೆ ಕಾನೂನಿನ ದೃಷ್ಟಿಯಲ್ಲಿ ದಿವಾಳಿತನ ಶಿಕ್ಷೆಯಲ್ಲ; ಪ್ರಾಮಾಣಿಕ ಸಾಲಗಾರನಿಗೆ ಅದೊಂದು ಬಿಡುಗಡೆಯ ದಾರಿ.

ಧರ್ಮಶಾಸ್ತ್ರದ ನಿಲುವು ಬೇರೆಯಾಗಿತ್ತು. ತಂದೆಯ ಸಾಲವನ್ನು ಮಗ ತೀರಿಸಲೇಬೇಕು. ಈ ಧಾರ್ಮಿಕ ಹೊಣೆಯನ್ನು ಕಾನೂನು ಕೈಬಿಟ್ಟದ್ದು 2005ರಲ್ಲಿ, ಅದೂ ಮುಂದಿನ ಸಾಲಗಳಿಗೆ ಮಾತ್ರ. ಸಾಲಗಾರನಿಗಿದ್ದ ಒಂದು ಆಸರೆ ‘ದಾಮದುಪ್ಪಟ್ಟು’ ನಿಯಮ: ಬಾಕಿ ಬಡ್ಡಿ ಅಸಲನ್ನು ಮೀರುವಂತಿಲ್ಲ.

ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಾಲಗಾರರಿಗೆ ಅನ್ವಯಿಸಿದ್ದು 1920ರ ಪ್ರಾಂತೀಯ ದಿವಾಳಿ ಕಾಯಿದೆ. 500 ರೂಪಾಯಿ ಸಾಲವಿದ್ದು ತೀರಿಸಲಾಗದವನು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದಿತ್ತು. ದಿವಾಳಿಯೆಂದು ಘೋಷಿತನಾದ ಮೇಲೆ ಅವನ ಆಸ್ತಿ ನ್ಯಾಯಾಲಯದ ಅಥವಾ ರಿಸೀವರನ ವಶವಾಗುತ್ತಿತ್ತು. ಉಡುಗೆ, ಅಡುಗೆ ಪಾತ್ರೆ, ಉಳುವ ಎತ್ತು, ಬಿತ್ತನೆ ಬೀಜಗಳಿಗೆ ವಿನಾಯಿತಿ. ಆಸ್ತಿ ಮಾರಿ ಬಂದ ಹಣವನ್ನು ಸಾಲಿಗರಿಗೆ ಹಂಚಿ, ನಡತೆ ಪರಿಶೀಲಿಸಿ, ನ್ಯಾಯಾಲಯ ಋಣಮುಕ್ತಿಯ ಆದೇಶ ಕೊಡುತ್ತಿತ್ತು. ಷರತ್ತು ಹಾಕಲೂ, ನಿರಾಕರಿಸಲೂ ಅದಕ್ಕೆ ಅಧಿಕಾರವಿತ್ತು. ಸರ್ಕಾರದ ಬಾಕಿ, ಮೋಸದಿಂದಾದ ಸಾಲ ಮತ್ತು ಜೀವನಾಂಶಕ್ಕೆ ಮುಕ್ತಿ ಇರಲಿಲ್ಲ.

ಅಡಿಕೆ ಬೆಳೆಗಾರನಿಗೆ ಇದರಿಂದ ಆದ ಉಪಕಾರ ಅಷ್ಟಕ್ಕಷ್ಟೆ. ವಿನಾಯಿತಿಯ ಪಟ್ಟಿಯಲ್ಲಿ ತೋಟವಿಲ್ಲ. ಅಡವಿಟ್ಟಿದ್ದರಂತೂ ಅಡವು ಹಿಡಿದವನ ಹಕ್ಕು ದಿವಾಳಿಯಿಂದ ಅಳಿಯುವುದಿಲ್ಲ. ವ್ಯಾಪಾರಿ ಇನ್ನೊಂದು ಅಂಗಡಿ ತೆರೆದಾನು. ಅಡಿಕೆ ಸಸಿ ನೆಟ್ಟವನು ಫಸಲಿಗೆ ವರ್ಷಗಟ್ಟಲೆ ಕಾಯಬೇಕು.

ಆದ್ದರಿಂದ ಇಲ್ಲಿನವರು ಬೇರೆ ದಾರಿ ಹುಡುಕಿದರು. 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿ, ಬೆಳೆಗಾರರು ತಾವೇ ಕೂಡಿ ಅಡಿಕೆ ಮಾರುವ ವ್ಯವಸ್ಥೆ ಮಾಡಿತು. ಮುಂಗಡ ಕೊಟ್ಟ ದಲ್ಲಾಳಿಗೇ ಬೆಳೆ ಒಪ್ಪಿಸಬೇಕಾದ ಕಟ್ಟು ಸಡಿಲಲು ಇಂಥ ಸಂಘಗಳೇ ದಾರಿ. ಮುಂಬಯಿ ಸರ್ಕಾರದ 1939 ಮತ್ತು 1947ರ ಕೃಷಿ ಸಾಲಗಾರರ ಪರಿಹಾರ ಕಾಯಿದೆಗಳು ಸಾಲವನ್ನು ಪರಿಷ್ಕರಿಸಿ ಕಂತಿನಲ್ಲಿ ತೀರಿಸಲು ಅವಕಾಶ ನೀಡಿದವು. ಸಾಲ ಇಳಿಯಬೇಕು, ನೆಲ ಉಳಿಯಬೇಕು ಎಂಬುದೇ ಇವುಗಳ ಆಶಯ.

ಕರ್ನಾಟಕದ 1976ರ ಋಣ ಪರಿಹಾರ ಕಾಯಿದೆ, 2019ರಲ್ಲಿ ಜಾರಿಗೆ ಬಂದ 2018ರ ಕಾಯಿದೆ ಇನ್ನೂ ಮುಂದೆ ಹೋಗಿ, ಸಣ್ಣ ರೈತರ, ಭೂಹೀನ ಕೂಲಿಕಾರರ ಖಾಸಗಿ ಸಾಲವನ್ನೇ ಮನ್ನಾ ಮಾಡಿದವು. ಆದರೆ ಬ್ಯಾಂಕು, ಸಹಕಾರ ಸಂಘಗಳ ಸಾಲ ಇವುಗಳ ಹೊರಗೆ ಉಳಿಯಿತು. ದಲ್ಲಾಳಿಯಿಂದ ಬಿಡಿಸಿದ ಸಂಘವೇ ಇಂದು ಅನೇಕರಿಗೆ ಸಾಲಿಗ. ಅಲ್ಲಿ ಕಂತು ತಪ್ಪಿದವನ ತೋಟ ಉಳಿಸುವ ಬಗೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಕಾನೂನಿಗಿಂತ ಹೆಚ್ಚಾಗಿ ಸದಸ್ಯರ ಕೈಯಲ್ಲೇ ಇದೆ.