ಆಶಿಂಗ್ಟನ್ ಬಳಗ: ಗಣಿ ಕಾರ್ಮಿಕರ ಕಲಾ ರಸಗ್ರಹಣ ತರಗತಿ

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ನಾರ್ತಂಬರ್‌ಲ್ಯಾಂಡ್ ಸೀಮೆಯ ಕಲ್ಲಿದ್ದಲಿನ ಊರಾದ ಆಶಿಂಗ್ಟನ್‌ನಲ್ಲಿ 1934ರಲ್ಲಿ ಶುರುವಾದ ಒಂದು ಸಂಜೆ ತರಗತಿಯಿಂದ ಹುಟ್ಟಿದ ಚಿತ್ರಕಾರರ ಗುಂಪು. ಇದರ ಸದಸ್ಯರಲ್ಲಿ ಹೆಚ್ಚಿನವರು ಗಣಿ ಕೆಲಸದವರು. ಚಿತ್ರ ಬರೆಯಬೇಕೆಂದು ಅವರು ಬಂದವರಲ್ಲ. ಹೆಸರಾಂತರ ಚಿತ್ರಗಳ ಮುಂದೆ ನಿಂತಾಗ ಏನನ್ನು ನೋಡಬೇಕು ಎಂಬುದು ತಿಳಿದರೆ ಸಾಕಿತ್ತು.

ಇಂಥ ತರಗತಿಗಳಿಗೆ ಅಷ್ಟರಲ್ಲಾಗಲೇ ಎಂಬತ್ತು ವರ್ಷಗಳ ಇತಿಹಾಸವಿತ್ತು. ಗಾಂಧೀಜಿಯವರ ಬಾಳನ್ನೇ ತಿರುಗಿಸಿದ ‘ಅನ್‌ಟು ದಿಸ್ ಲಾಸ್ಟ್’ ಬರೆದ ಜಾನ್ ರಸ್ಕಿನ್, 1854ರಲ್ಲಿ ಆರಂಭವಾದ ಲಂಡನ್ನಿನ ವರ್ಕಿಂಗ್ ಮೆನ್ಸ್ ಕಾಲೇಜಿನಲ್ಲಿ ಕುಶಲಕರ್ಮಿಗಳಿಗೆ ಸಂಬಳವಿಲ್ಲದೆ ರೇಖಾಚಿತ್ರ ಕಲಿಸಿದ. ಬಡಗಿಯನ್ನು ಕಲಾವಿದನಾಗಿಸುವುದು ಅವನ ಗುರಿಯಾಗಿರಲಿಲ್ಲ, ಬಡಗಿಯ ಬದುಕೇ ಇನ್ನಷ್ಟು ಸುಖವಾಗಬೇಕಿತ್ತು. 1903ರಲ್ಲಿ ಆಲ್ಬರ್ಟ್ ಮ್ಯಾನ್ಸ್‌ಬ್ರಿಡ್ಜ್ ಕಾರ್ಮಿಕ ಶಿಕ್ಷಣ ಸಂಘವನ್ನು ಕಟ್ಟಿದ ಮೇಲೆ ವಿಶ್ವವಿದ್ಯಾಲಯದ ಅಧ್ಯಾಪಕರು ಸಣ್ಣ ಊರುಗಳಿಗೂ ಪಾಠಕ್ಕೆ ಹೋಗತೊಡಗಿದರು.

ಈ ಸಂಘದ ಆಶಿಂಗ್ಟನ್ ಶಾಖೆಯವರು ಜೀವವಿಕಾಸದ ಪಾಠ ಮುಗಿಸಿ ಚಿತ್ರಕಲೆಯನ್ನು ಆರಿಸಿಕೊಂಡರು. ಪಾಠ ಮಾಡಲು ನ್ಯೂಕ್ಯಾಸಲ್‌ನಿಂದ ರಾಬರ್ಟ್ ಲಯನ್ ಬಂದ. ಪುನರುಜ್ಜೀವನ ಯುಗದ ಮೇರುಕೃತಿಗಳ ಸ್ಲೈಡುಗಳನ್ನು ತೋರಿಸಿ ವಿವರಿಸಿದ. ಯಾರ ಮನಸ್ಸಿಗೂ ಅದು ಹತ್ತಲಿಲ್ಲ. ತಪ್ಪು ಕೇಳುವವರದೆಂದು ಅವನು ಕೈಬಿಟ್ಟಿದ್ದರೆ ಈ ಬಳಗ ಇರುತ್ತಲೇ ಇರಲಿಲ್ಲ. ಅವನು ಪಾಠದ ದಾರಿಯನ್ನೇ ಬದಲಿಸಿದ: ನೀವೇ ಬರೆಯಿರಿ, ಕಷ್ಟ ಎಲ್ಲಿದೆಯೆಂದು ಕೈಗೆ ಗೊತ್ತಾದರೆ ಕಣ್ಣಿಗೂ ಗೊತ್ತಾಗುತ್ತದೆ ಎಂಬುದು ಅವನ ಎಣಿಕೆ. ಮೊದಲು ಲಿನೋ ಅಚ್ಚುಗಳು, ಆಮೇಲೆ ಬಣ್ಣ. ಮನೆಯಲ್ಲಿ ಬರೆದ ಚಿತ್ರಗಳನ್ನು ತರಗತಿಗೆ ತಂದಿಟ್ಟು ಎಲ್ಲರೂ ಸೇರಿ ಚರ್ಚಿಸುತ್ತಿದ್ದರು. ನಿಜವಾದ ರಸಗ್ರಹಣ ನಡೆದದ್ದು ಈ ಚರ್ಚೆಯಲ್ಲೇ.

ದುಬಾರಿ ಕ್ಯಾನ್ವಾಸು ಅವರ ಕೈಗೆಟುಕುವಂಥದ್ದಲ್ಲ. ಪ್ಲೈವುಡ್ಡು, ರಟ್ಟಿನ ಮೇಲೆ ಗೋಡೆಗೆ ಬಳಿಯುವ ಬಣ್ಣದಿಂದಲೂ ಬರೆದರು. ಜಿಮ್ಮಿ ಫ್ಲಾಯ್ಡ್ ಪಾರಿವಾಳದ ಗೂಡುಗಳನ್ನು ಬರೆದ, ಜಾರ್ಜ್ ಬ್ಲೆಸ್ಡ್ ಓಟದ ನಾಯಿಗಳನ್ನು. ಬಳಗದ ಅತ್ಯಂತ ಗಟ್ಟಿ ಕಲಾವಿದ ಆಲಿವರ್ ಕಿಲ್‌ಬರ್ನ್ ಗಣಿಯೊಳಗಿನ ದುಡಿಮೆಯನ್ನೇ ವಸ್ತುವಾಗಿಸಿಕೊಂಡ. ತಗ್ಗಾದ ಸುರಂಗದಲ್ಲಿ ಬಾಗಿದ ಬೆನ್ನು, ದೀಪದ ಬೆಳಕು ಬಿದ್ದಷ್ಟೇ ಕಾಣುವ ಜಾಗ: ಹೊರಗಿನ ಚಿತ್ರಕಾರ ಎಷ್ಟು ನುರಿತವನಾದರೂ ಇಷ್ಟು ಒಳಗಿನಿಂದ ಬರೆಯಲಾರ.

1936ರಲ್ಲಿ ಕಲಾಪೋಷಕಿ ಹೆಲೆನ್ ಸದರ್‌ಲ್ಯಾಂಡ್ ತನ್ನ ಖರ್ಚಿನಲ್ಲಿ ಅವರನ್ನು ಲಂಡನ್ನಿಗೆ ಕಳುಹಿಸಿದಳು. ನ್ಯಾಷನಲ್ ಗ್ಯಾಲರಿಯನ್ನೂ ಟೇಟ್ ಗ್ಯಾಲರಿಯನ್ನೂ ನೋಡುವಾಗ ಅವರು ಬಣ್ಣದ ಕಷ್ಟ ಬಲ್ಲವರಾಗಿದ್ದರು. ಅದೇ ವರ್ಷ ನ್ಯೂಕ್ಯಾಸಲ್‌ನ ಹ್ಯಾಟನ್ ಗ್ಯಾಲರಿಯಲ್ಲಿ ಬಳಗದ ಮೊದಲ ಪ್ರದರ್ಶನ ನಡೆಯಿತು. 1942ರಲ್ಲಿ ಲಯನ್ ಎಡಿನ್‌ಬರೋದ ಕಲಾ ಕಾಲೇಜಿನ ಪ್ರಾಂಶುಪಾಲನಾಗಿ ಹೊರಟುಹೋದ. ಗುರುವಿಲ್ಲದೆಯೂ ವಾರದ ಕೂಟ ನಿಲ್ಲಲಿಲ್ಲ. ಹೆಸರು ಬಂದ ಮೇಲೂ ಇವರು ಗಣಿ ಬಿಟ್ಟು ಕಲೆಯನ್ನು ಕಸುಬಾಗಿಸಿಕೊಳ್ಳಲಿಲ್ಲ; ಒಳ್ಳೆಯ ಚಿತ್ರಗಳನ್ನು ಬಳಗದ ಸೊತ್ತಾಗಿ ಒಟ್ಟಿಗೆ ಉಳಿಸಿಕೊಂಡರು. ರಸ್ಕಿನ್ನನ ಆಸೆ ಇಷ್ಟು ಚೆನ್ನಾಗಿ ಕೈಗೂಡಿದ ಉದಾಹರಣೆ ವಿರಳ.

1980ರಲ್ಲಿ ಈ ಚಿತ್ರಗಳು ಚೀನಾದಲ್ಲಿ ಪ್ರದರ್ಶನಗೊಂಡವು. ಆ ದಶಕದ ಮೊದಲ ವರ್ಷಗಳಲ್ಲೇ ನೆಲಬಾಡಿಗೆ ಏರಿ, ಸದಸ್ಯರು ಸೇರುತ್ತಿದ್ದ ಗುಡಿಸಲು ಕೈತಪ್ಪಿತು, ಬಳಗವೂ ಚದುರಿತು. ವಿಲಿಯಂ ಫೀವರ್ 1988ರಲ್ಲಿ ಅದರ ಚರಿತ್ರೆ ಬರೆದ. ಅದನ್ನು ಆಧರಿಸಿ ಲೀ ಹಾಲ್ ರಚಿಸಿದ ‘ದ ಪಿಟ್‌ಮೆನ್ ಪೇಂಟರ್ಸ್’ ನಾಟಕ 2007ರಲ್ಲಿ ನ್ಯೂಕ್ಯಾಸಲ್‌ನಲ್ಲಿ ರಂಗಕ್ಕೆ ಬಂದು, 2010ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಮುಟ್ಟಿತು. ಮೂಲ ಚಿತ್ರಗಳು ಆಶಿಂಗ್ಟನ್ ಪಕ್ಕದಲ್ಲೇ, ವುಡ್‌ಹಾರ್ನ್‌ನ ಹಳೆಯ ಗಣಿಯ ಆವರಣದ ವಸ್ತುಸಂಗ್ರಹಾಲಯದಲ್ಲಿವೆ.