ಹೆಜ್ಜಾರ್ಲೆಗೆ ತವರಾದ ಊರು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಸಮೀಪವಿರುವ ಕೊಕ್ಕರೆ ಬೆಳ್ಳೂರು, ಹಕ್ಕಿಯ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ ಊರು. ಹೆಜ್ಜಾರ್ಲೆ ಹಾಗೂ ಬಣ್ಣದ ಕೊಕ್ಕರೆಗಳು ಇಲ್ಲಿ ಗೂಡು ಕಟ್ಟುವುದು ಕಾಡಿನಲ್ಲಲ್ಲ, ಹಿತ್ತಿಲಿನ ಮತ್ತು ಬೀದಿ ಬದಿಯ ಹುಣಸೆ, ಆಲ, ಅರಳಿ ಮರಗಳಲ್ಲಿ. ರಂಗನತಿಟ್ಟಿನ ಹಕ್ಕಿಗಳಿಗೆ ಸುತ್ತಲ ನೀರೇ ಕಾವಲು. ಇಲ್ಲಿ ಜನರೇ ಕಾವಲು.

ಈ ನಂಟು ಹಳೆಯದು. ಸುಮಾರು ನೂರು ವರ್ಷಗಳ ಹಿಂದೆ ಪ್ಲೇಗ್ ಬಂದಾಗ ಜನರು ನದಿ ದಡದ ಹಳೆಯ ಊರನ್ನು ತೊರೆದು ಈಗಿನ ಜಾಗಕ್ಕೆ ಬಂದರೆಂದೂ, ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದೂ ಊರಿನ ಹಿರಿಯರು ಹೇಳುತ್ತಾರೆ. ಹೆಜ್ಜಾರ್ಲೆಯೆಂದರೆ ಹೆರಿಗೆಗೆ ತವರಿಗೆ ಬಂದ ಮಗಳು ಎಂಬ ಭಾವನೆ ಇಲ್ಲಿಯದು. ನಂಬಿಕೆಯ ಜೊತೆಗೆ ಲೆಕ್ಕಾಚಾರವೂ ಇತ್ತು. ಮರದಡಿ ಗುಂಡಿ ತೋಡಿ, ಕೆರೆಯ ಗೋಡು ತುಂಬಿದರೆ, ಮೇಲಿನಿಂದ ಬೀಳುವ ಹಿಕ್ಕೆ ಸೇರಿ ಒಳ್ಳೆಯ ಗೊಬ್ಬರವಾಗುತ್ತಿತ್ತು.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರಿಂದಾಗಿ ಈ ಊರು ಹೊರಜಗತ್ತಿಗೆ ಪರಿಚಯವಾಯಿತು. ಗೂಡುಗಳಿಂದಾಗಿ ಹುಣಸೆಯ ಫಸಲು ಕಳೆದುಕೊಳ್ಳುವ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರಧನ ನೀಡತೊಡಗಿತು. ಆದರೆ ಹಣವೊಂದರಿಂದಲೇ ಹಕ್ಕಿ ಉಳಿಯುವುದಿಲ್ಲ. ರಾಸಾಯನಿಕ ಗೊಬ್ಬರ ಬಂದ ಮೇಲೆ ಹಿಕ್ಕೆಯ ಬೆಲೆ ಇಳಿಯಿತು. ಹಣದ ಅಡಚಣೆ ಬಂದಾಗ ಮರಗಳು ಕೊಡಲಿಗೆ ಬಲಿಯಾದವು. ಗೂಡಿನಿಂದ ಬಿದ್ದ ಮರಿಗಳು ನಾಯಿಗಳ ಪಾಲಾಗುತ್ತಿದ್ದವು.

1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಾಸಕ್ತರ ಸಂಘವೊಂದು ಇಲ್ಲಿ ಕೆಲಸ ಆರಂಭಿಸಿತು. ಆ ಒಡನಾಟದಲ್ಲಿ ಊರಿನ ಯುವಕರೇ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡುಗಳನ್ನು ಎಣಿಸುವುದು, ಬಿದ್ದ ಮರಿಗಳನ್ನು ಬೇಲಿಯೊಳಗೆ ಇಟ್ಟು ಮೀನು ತಿನ್ನಿಸಿ ಸಾಕುವುದು, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವುದು ಅವರ ಕೆಲಸವಾಯಿತು.

ಹಾಗೆ ನೋಡಿದರೆ ಇಲ್ಲಿ ಕಲಿಕೆ ಒಮ್ಮುಖವಾದುದಲ್ಲ. ಯಾವ ಮರಕ್ಕೆ ಹಕ್ಕಿ ಮೊದಲು ಇಳಿಯುತ್ತದೆ, ಯಾವ ಕೆರೆ ಬತ್ತಿದರೆ ಅದು ದೂರ ಹೋಗುತ್ತದೆ ಎಂಬುದು ನಿತ್ಯ ನೋಡುವವರಿಗೆ ಗೊತ್ತಿರುವ ಸಂಗತಿ. ಹೊರಗಿನವರು ತಂದದ್ದು ಅದನ್ನು ಬರೆದಿಡುವ ಶಿಸ್ತು. ಬಾಯಿಮಾತಿನ ತಿಳಿವಳಿಕೆ ತಲೆಮಾರಿನೊಂದಿಗೆ ಮಾಸಬಹುದು. ವರ್ಷವರ್ಷವೂ ಬರೆದಿಟ್ಟ ಎಣಿಕೆಯಾದರೋ ಕುಸಿತವನ್ನು ಬೇಗನೆ ತೋರಿಸಿಕೊಡುತ್ತದೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯು ‘ಸಮುದಾಯ ಮೀಸಲು’ ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ಜನರನ್ನು ಒಕ್ಕಲೆಬ್ಬಿಸದೆ, ಅವರ ಒಪ್ಪಿಗೆಯಿಂದಲೇ ಜೀವಿಗಳನ್ನು ಕಾಯುವ ವ್ಯವಸ್ಥೆ ಇದು. ನಿರ್ವಹಣಾ ಸಮಿತಿಯಲ್ಲಿ ಗ್ರಾಮದ ಪ್ರತಿನಿಧಿಗಳದೇ ಬಹುಮತ. ಕೊಕ್ಕರೆ ಬೆಳ್ಳೂರು 2007ರಲ್ಲಿ ಈ ಮಾನ್ಯತೆ ಪಡೆಯಿತು. ಊರು ಮೊದಲಿನಿಂದಲೂ ಮಾಡುತ್ತ ಬಂದದ್ದನ್ನು ಕಾನೂನು ತಡವಾಗಿ ಒಪ್ಪಿಕೊಂಡಂತಾಯಿತು.

ಹಾಗೆಂದು ಆತಂಕ ನೀಗಿಲ್ಲ. ಹಕ್ಕಿ ಮೀನು ಹಿಡಿಯುವುದು ಸುತ್ತಲಿನ ಕೆರೆ, ನದಿಗಳಲ್ಲಿ. ಆ ನೀರು ಕೆಟ್ಟರೆ ಊರಿನ ಮರಗಳನ್ನಷ್ಟೇ ಕಾಯ್ದು ಫಲವಿಲ್ಲ. ಹಳೆಯ ಮರಗಳಿಗೂ ಆಯುಸ್ಸಿನ ಮಿತಿಯಿದೆ. ಇಂದು ನೆಟ್ಟ ಹುಣಸೆ ಗೂಡು ಹೊರುವಷ್ಟು ಬೆಳೆಯಲು ದಶಕಗಳೇ ಬೇಕು. ಅಷ್ಟು ಕಾಲ ಕಾಯುವ ಮನಸ್ಸನ್ನು ಮುಂದಿನ ತಲೆಮಾರಿನಲ್ಲೂ ಬೆಳೆಸಿದರೆ ಮಾತ್ರ ಮಗಳಿಗೆ ತವರು ಉಳಿದೀತು.